ಲಾಯ್ಕಿದೆ ಎನ್ನಬಾರದ ಹೋಟೆಲು

ಯಲ್ಲಾಪುರದ ಕಡೆಯವರಿಗೆ ಒಂದು ಕೆಟ್ಟ ಗುಣವಿದೆ. ನಾನೂ ಅಲ್ಲಿಯವನೇ ಆದ್ದರಿಂದ ಅದನ್ನು ಒಳ್ಳೆಯ ಗುಣವೆಂದೇ ತಿಳಿದು ಬೆಳೆದವನು. ಯಾರ ಮನೆಯಲ್ಲಿ ಏನೇ ಬಡಿಸಲಿ, ‘ಹೇಗಿದೆ?’ ಎಂದು ಕೇಳಿದರೆ ‘ಲಾಯ್ಕಿದೆ’ ಎಂದುಬಿಡುತ್ತೇವೆ. ಪಾಯಸ ತಳ ಹಿಡಿದಿರಬಹುದು, ಪಲ್ಯ ಬೇಯದೇ ಇರಬಹುದು, ಉತ್ತರ ಮಾತ್ರ ಬದಲಾಗದು. ಅಷ್ಟೇ ಅಲ್ಲ, ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡು ಆ ಮಾತಿಗೆ ಸಾಕ್ಷಿಯನ್ನೂ ಒದಗಿಸುತ್ತೇವೆ. ಹೀಗೆ ತಲೆತಲಾಂತರದಿಂದ ಬಡಿಸಿದವರ ಮನಸ್ಸನ್ನು ಕಾಪಾಡುತ್ತ, ಉಂಡವರ ಹೊಟ್ಟೆಯನ್ನು ದೇವರಿಗೆ ಒಪ್ಪಿಸಿ ಬಾಳಿಕೊಂಡು ಬಂದಿದ್ದೇವೆ.

ಈ ಸನಾತನ ವ್ಯವಸ್ಥೆಯ ಮೇಲೆ ಒಬ್ಬಂಟಿಯಾಗಿ ಯುದ್ಧ ಸಾರಿದವರು ನನ್ನ ಅಂಗಡಿಯ ಎದುರಿನ ಹೋಟೆಲಿನ ಯಜಮಾನರು. ಹೋದ ತಿಂಗಳು ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ, ‘ಇದನ್ನು ಇನ್ನೂ ಸ್ವಲ್ಪ ಮೇಲೆ ಹಾಕಬಹುದಿತ್ತು’ ಎಂದು ಎಲ್ಲಿದ್ದರೂ ಅಲ್ಲಿಂದಲೇ ಹೇಳಿ ಕಳಿಸುವ ಜಾತಿಯವರು. ಊರು ಅವರನ್ನು ಭಟ್ಟರು ಎನ್ನುತ್ತಿತ್ತು. ನಮ್ಮ ತಾಲೂಕಿನಲ್ಲಿ ಭಟ್ಟರು ಎಂದರೆ ಹೆಸರು ಹೇಳಿದ ಹಾಗಾಗುವುದಿಲ್ಲ. ಮನುಷ್ಯರು ಎಂದ ಹಾಗೆ ಅಷ್ಟೆ.

ನನ್ನದು ಬರೆಯುವ ಪಟ್ಟಿ, ಪೆನ್ನು, ಪುಸ್ತಕಗಳ ಅಂಗಡಿ. ಅಪ್ಪ ಇಟ್ಟ ಕಪಾಟು ಅಪ್ಪ ಇಟ್ಟಲ್ಲೇ ಇದೆ. ಅದರೊಳಗಿನ ಕೆಲವು ಸರಕು ಕೂಡ ಅಪ್ಪ ಇಟ್ಟದ್ದೇ. ಇದ್ದದ್ದು ಇದ್ದ ಹಾಗೆ ಇದ್ದರೆ ಲೋಕಕ್ಕೆ ಕ್ಷೇಮ ಎಂಬುದು ನನ್ನ ಸಿದ್ಧಾಂತ. ಇಂಥ ನನ್ನ ಎದುರಿಗೇ, ಹೆದ್ದಾರಿಯ ಆ ಬದಿಗೆ, ದಿನಕ್ಕೊಂದು ಏನಾದರೂ ಬದಲಾಗುವ ಹೋಟೆಲೊಂದನ್ನು ವಿಧಿ ತಂದಿಟ್ಟಿತ್ತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಆಚೆ ನೋಡಿದರೆ, ನಿನ್ನೆ ಬಲಕ್ಕಿದ್ದ ಕೈತೊಳೆಯುವ ತೊಟ್ಟಿ ಇವತ್ತು ಎಡಕ್ಕೆ ಇರುತ್ತಿತ್ತು. ನನಗೆ ತಲೆ ಸುತ್ತುತ್ತಿತ್ತು.

ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಬಸ್ಸುಗಳು ಆ ಹೋಟೆಲಿನ ಮುಂದೆ ಹತ್ತು ನಿಮಿಷ ನಿಲ್ಲುತ್ತಿದ್ದವು. ಹೋಟೆಲು ಬದುಕಿದ್ದೇ ಆ ಹತ್ತು ನಿಮಿಷಗಳ ಮೇಲೆ. ಎಲ್ಲ ಹೋಟೆಲುಗಳಲ್ಲಿ ಯಜಮಾನ ಗಲ್ಲೆಯ ಮೇಲೆ ಕೂತು ದುಡ್ಡು ತೆಗೆದುಕೊಳ್ಳುತ್ತಾನೆ. ಇಲ್ಲಿ ಗಲ್ಲೆಯ ಮೇಲೆ ಭಟ್ಟರ ಹೆಂಡತಿ ಕೂರುತ್ತಿದ್ದರು. ಭಟ್ಟರು ಹಿಂದುಗಡೆ, ತಟ್ಟೆ ತೊಳೆಯುವ ಜಾಗದ ಬದಿಗೆ, ಒಂದು ಮರದ ಸ್ಟೂಲಿನ ಮೇಲೆ. ಹೆಂಡತಿ ಯಜಮಾನರನ್ನು ಎಂಜಲು ತಟ್ಟೆಗಳ ಹತ್ತಿರ ಕೂರಿಸಿದ್ದಾಳೆ, ಏನೋ ದೊಡ್ಡ ತಪ್ಪು ಮಾಡಿರಬೇಕು ಎಂದು ಊರಿನ ಸಜ್ಜನರು ಮೊದಮೊದಲು ಕನಿಕರಪಟ್ಟಿದ್ದುಂಟು.

ನಾನೇ ಒಮ್ಮೆ ಕೇಳಿದೆ. “ಭಟ್ರೆ, ಅಲ್ಲೆಂತ ಮಾಡ್ತೀರಿ?”

“ಓದ್ತೆ.”

“ಎಂತ ಓದೂದು?”

“ತಟ್ಟೆ. ಗಿರಾಕಿ ಬಾಯಲ್ಲಿ ಸುಳ್ಳು ಹೇಳ್ತ ನಾಯ್ಕರೆ, ತಟ್ಟೆಯಲ್ಲಿ ಹೇಳೂದಿಲ್ಲ.”

ಮಾತು ಉತ್ಪ್ರೇಕ್ಷೆಯಲ್ಲ. ದೋಸೆಯ ಅಂಚು ಮಾತ್ರ ಉಳಿದು ಬಂದರೆ ಕಾವಲಿಯ ಬದಿ ಕಾಯುತ್ತಿಲ್ಲ ಎಂದು ಒಲೆಯ ಕಟ್ಟಿಗೆ ಸರಿಪಡಿಸಲು ಏಳುತ್ತಿದ್ದರು. ಉಪ್ಪಿಟ್ಟಿನಿಂದ ಶುಂಠಿಯ ಚೂರುಗಳನ್ನು ಆರಿಸಿ ತಟ್ಟೆಯ ಮೂಲೆಗೆ ಸಾಲಾಗಿ ನಿಲ್ಲಿಸಿ ಹೋದವರು ಎಷ್ಟು ಮಂದಿ ಎಂದು ನೋಡಿ, ಮರುದಿನದಿಂದ ಶುಂಠಿಯನ್ನು ಜಜ್ಜಿಯೇ ಹಾಕಿಸಿದರು. ಭಾನುವಾರ ಮಾಗೋಡಿಗೆ ಜಲಪಾತ ನೋಡಲು ಹೋಗುವವರು ಇಡ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಒಬ್ಬ ಹೆಂಗಸು ವಾಪಸು ಬರುವಾಗ ಸೀರೆಯ ತುಂಬ ಚಟ್ನಿಯ ಕಲೆ ಹೊತ್ತು ಚಹಾಕ್ಕೆ ಇಳಿದಳು. ಆಕೆ ಏನೂ ಹೇಳಲಿಲ್ಲ, ಪಾಪ. ಭಟ್ಟರು ಸೀರೆ ನೋಡಿದರು. ಮುಂದಿನ ಭಾನುವಾರದಿಂದ ಕಟ್ಟಿಕೊಡುವ ಚಟ್ನಿಯನ್ನು ಗಟ್ಟಿಯಾಗಿ ರುಬ್ಬುವುದೆಂದು ಹೋಟೆಲಿನಲ್ಲಿ ಹೊಸ ಶಾಸನ ಬಂತು.

ತಟ್ಟೆಯಲ್ಲಿ ಓದಿದ್ದು ಅರ್ಥವಾಗದಿದ್ದರೆ ಅರ್ಥ ಕೇಳಲು ಬಸ್ಸಿನವರೆಗೂ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಹುಬ್ಬಳ್ಳಿ ಕಡೆಯ ಪ್ರಯಾಣಿಕನೊಬ್ಬ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಬೀಡಿ ಹುಡುಕುತ್ತಿದ್ದ. ಭಟ್ಟರು ಒದ್ದೆ ಕೈಯಲ್ಲಿ ಓಡಿಹೋಗಿ ಕಿಟಕಿಯ ಸರಳು ಹಿಡಿದರು. ಅವನು ಗಾಬರಿಯಾದ.

“ಏನ್ರೀ, ರೊಕ್ಕ ಕೊಟ್ಟೇನ್ರೀ ನಾನು! ಆ ಅಮ್ಮಾರನ್ನ ಕೇಳ್ರಿ ಬೇಕಾದ್ರ!”

“ರೊಕ್ಕ ಹಾಳಾಗ್ಲಿ ಮಾರಾಯ್ರೆ. ಎರಡನೇ ಇಡ್ಲಿ ಅರ್ಧ ಬಿಟ್ರಲ್ಲ, ಎಂತಕ್ಕೆ?”

“ಹೊಟ್ಟಿ ತುಂಬಿತ್ರಿ.”

“ಹೊಟ್ಟೆ ತುಂಬಿದವ ಅದನ್ನ ನಡುವೆ ಮುರಿದು ನೋಡೂದಿಲ್ಲ. ಹೇಳಿ.”

ಅವನು ಅತ್ತಿತ್ತ ನೋಡಿ, ಪೊಲೀಸರಿಗೆ ಹೇಳಿಕೆ ಕೊಡುವವನ ಹಾಗೆ ದನಿ ತಗ್ಗಿಸಿದ. “ನಡುವ ಸ್ವಲ್ಪ ಹಸಿ ಇತ್ತ್ರಿ.”

“ಅಷ್ಟು ಹೇಳಿ ಅಂದೆ!” ಎಂದು ಭಟ್ಟರು ಕಿಟಕಿಯೊಳಗೆ ಕೈ ಹಾಕಿ ಅವನ ಕೈ ಕುಲುಕಿದರು. ಬಸ್ಸು ಹೊರಟಿತು. ಆ ಮನುಷ್ಯ ಅರಬೈಲಿನ ಘಟ್ಟ ಇಳಿಯುವವರೆಗೂ ಕೈ ಒರೆಸಿಕೊಳ್ಳುತ್ತ ಯೋಚನೆ ಮಾಡಿರಬೇಕು.

ಚಹಾದ ವಿಷಯ ಇನ್ನೂ ಘನವಾದದ್ದು. ಹತ್ತು ನಿಮಿಷದಲ್ಲಿ ತಿಂಡಿ ತಿಂದು, ಕೊನೆಗೆ ಬಂದ ಸುಡುವ ಚಹಾಕ್ಕೆ ಊದುತ್ತಿರುವಾಗಲೇ ಕಂಡಕ್ಟರ್ ಸೀಟಿ ಹೊಡೆಯುತ್ತಿದ್ದ. ಜನ ಅರ್ಧ ಚಹಾ ಬಿಟ್ಟು ಓಡುತ್ತಿದ್ದರು. ಬೇರೆ ಹೋಟೆಲಿನವರಿಗೆ ಇದರಲ್ಲಿ ತೊಂದರೆ ಕಾಣಲಿಲ್ಲ. ದುಡ್ಡು ಪೂರ್ತಿ ಬಂದಿತ್ತಲ್ಲ. ಭಟ್ಟರು ಮಾತ್ರ ಆ ಅರ್ಧ ಲೋಟಗಳ ಮುಂದೆ ಸೂತಕದ ಮುಖ ಮಾಡಿಕೊಂಡು ಕೂರುತ್ತಿದ್ದರು. ಹೊಯ್ದು ಆರಿಸಿಕೊಳ್ಳಲು ಬಸಿ ಕೊಟ್ಟು ನೋಡಿದರು. ಜನ ಬಸಿಯನ್ನು ಅಂಗಿಯ ಮೇಲೆ ಬಗ್ಗಿಸಿಕೊಂಡರು. ಅಗಲ ಬಾಯಿಯ ಲೋಟ ತಂದರು. ಚಹಾ ಬೇಗ ತಣಿಯಿತು, ಆದರೆ ಲೋಟ ಕಂಡವರು ಚಹಾ ಕಡಿಮೆ ಎಂದು ಮುಖ ಹುಳ್ಳಗೆ ಮಾಡಿದರು. ಕೊನೆಗೆ ಚಹಾವನ್ನು ಕೊನೆಗೆ ಕೊಡುವುದನ್ನೇ ಬಿಟ್ಟರು. ಆಚೆ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿದ ಕೂಡಲೇ ಚಹಾ ಸೋಸಿ ಲೋಟಗಳಿಗೆ ಹೊಯ್ದು, ತಿಂಡಿಯ ಜತೆಗೇ ಮೇಜಿಗೆ ತಂದಿಡುವುದು. ತಿಂಡಿ ಮುಗಿಯುವ ಹೊತ್ತಿಗೆ ಚಹಾ ಕುಡಿಯುವ ಹದಕ್ಕೆ ಬಂದಿರುತ್ತಿತ್ತು. ಲೋಟಗಳು ಖಾಲಿಯಾಗಿ ವಾಪಸು ಬಂದ ದಿನ ಭಟ್ಟರು ರಸ್ತೆ ದಾಟಿ ಬಂದು, ಮಗ ಹುಟ್ಟಿದವರ ಹಾಗೆ ನನಗೆ ಸುದ್ದಿ ಹೇಳಿದರು.

“ಇಷ್ಟಕ್ಕೆಲ್ಲ ಇಷ್ಟೊಂದು ಬೇಕಾ ಭಟ್ರೆ?” ಅಂದೆ.

“ದೊಡ್ಡದು ಮಾಡೂಕೆ ದುಡ್ಡು ಬೇಕು ನಾಯ್ಕರೆ. ಸಣ್ಣದು ಮಾಡೂಕೆ ಕಣ್ಣು ಸಾಕು. ನನ್ನ ಹತ್ರ ಇರೂದು ಕಣ್ಣು.”

ಶಿರಸಿಗೆ ಹೋದವರು ಅಮ್ಮನವರ ದರ್ಶನ ಮಾಡಿ ಬಂದರೆ, ಇವರು ಅಲ್ಲಿಯ ಹೋಟೆಲುಗಳ ಹಿಂಬಾಗಿಲಿನ ದರ್ಶನ ಮಾಡಿ ಬರುತ್ತಿದ್ದರು. ಎಲ್ಲ ಸುಧಾರಣೆಗಳೂ ಫಲಿಸಿದವೆಂದು ನಾನು ಹೇಳುವುದಿಲ್ಲ. ಸುಳ್ಳು ಹೇಳಿದರೆ ಅವರ ಆತ್ಮಕ್ಕೆ ಶಾಂತಿ ಸಿಗದು. ಗಿರಾಕಿಗಳಿಗೆ ಸೆಕೆ ಎಂದು ಮೇಜುಗಳ ಮೇಲೆ ಫ್ಯಾನು ಹಾಕಿಸಿದರು. ಗಿರಾಕಿಗಳು ತಣ್ಣಗಾಗುವ ಮೊದಲೇ ದೋಸೆ ತಣ್ಣಗಾಯಿತು. ಫ್ಯಾನು ಅಡುಗೆಮನೆಗೆ ವರ್ಗವಾಗಿ ಅಲ್ಲಿ ಬೆಂಕಿಯನ್ನು ಹೊತ್ತಿಸುವ ಬದಲು ಆರಿಸಿ, ಕೊನೆಗೆ ತಟ್ಟೆ ತೊಳೆಯುವವರ ತಲೆಯ ಮೇಲೆ ನಿವೃತ್ತ ಜೀವನ ನಡೆಸಿತು. ಬಾಳೆಹಣ್ಣಿನ ಬನ್ಸಿಗೆ ಸಕ್ಕರೆ ಹೆಚ್ಚಾಯಿತೆಂದು ಒಮ್ಮೆ ಕಡಿಮೆ ಮಾಡಿದರು. ಒಂದು ವಾರ ಊರು ಮೌನವಾಗಿ ಸಹಿಸಿತು. ನಂತರ ಮೊದಲಿನ ಹದಕ್ಕೇ ತಂದರು.

“ಹಿಂದೆ ಬಂದ ಹಾಗಾಯ್ತಲ್ಲ ಭಟ್ರೆ?” ಎಂದು ನಾನು ಚುಚ್ಚಿದೆ.

“ದಾರಿ ತಪ್ಪಿದವ ಹಿಂದೆ ಬಂದದ್ದೂ ಮುಂದೆ ಹೋದ ಹಾಗೇ,” ಎಂದರು. ಅವರ ಹೆಂಡತಿ ಗಲ್ಲೆಯ ಮೇಲಿಂದಲೇ, “ಇವ್ಕೆ ಸೋಲೂಕೇ ಬತ್ತಿಲ್ಲೆ,” ಎಂದರು. ಅದು ಹೊಗಳಿಕೆಯೋ ದೂರೋ ಎಂದು ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ.

ಹೀಗಿರುವಾಗ ಊರಿನಾಚೆ ದೊಡ್ಡ ಅಂಗಳ, ಗಾಜಿನ ಬಾಗಿಲು, ಬಣ್ಣದ ದೀಪಗಳ ಒಂದು ಹೊಸ ಹೋಟೆಲು ಎದ್ದಿತು. ಬಸ್ಸು ತಿರುಗಿಸಲು ಜಾಗ, ಡ್ರೈವರು ಕಂಡಕ್ಟರುಗಳಿಗೆ ಬೇರೆ ಕೋಣೆ. ಒಂದೊಂದಾಗಿ ಬಸ್ಸುಗಳು ಭಟ್ಟರ ಮುಂದೆ ಹಾರನ್ ಹೊಡೆದು, ಹಳೆಯ ಪರಿಚಯಕ್ಕೆ ಕೈಯೆತ್ತಿ, ನಿಲ್ಲದೆ ಹೋಗತೊಡಗಿದವು. ಅಭ್ಯಾಸಬಲದಿಂದ ಹಾರನ್ನಿಗೆ ಸೋಸಿಟ್ಟ ಚಹಾ ಮೇಜಿನ ಮೇಲೆ ಸಾಲಾಗಿ ಕೂತು ತಣಿಯುತ್ತಿತ್ತು. ಮಗನಿಗೆ ಹೋಟೆಲಿನಲ್ಲಿ ಮನಸ್ಸಿರಲಿಲ್ಲ, ಲೈನ್‌ಮನ್ ಕೆಲಸ ಹಿಡಿದು ಕಂಬ ಹತ್ತುತ್ತಿದ್ದ. ಹೆಂಡತಿ ನನ್ನೆದುರೇ, “ಬಾಗ್ಲು ಹಾಕಿಬಿಡನ. ಇನ್ನೆಂತ ಸರಿ ಮಾಡ್ತಿ ನಿಂಗ?” ಎಂದು ಕೇಳಿದರು.

ಭಟ್ಟರು ಕೊಡೆ ತೆಗೆದುಕೊಂಡು ಹೋದರು. ಎಲ್ಲಿಗೆ? ಆ ಹೊಸ ಹೋಟೆಲಿಗೇ. ಅಲ್ಲಿ ತಿಂಡಿ ತಿಂದು, ಸಹಜವಾಗಿ ಅವರ ತಟ್ಟೆ ತೊಳೆಯುವ ಜಾಗವನ್ನೂ ನೋಡಿ ಬಂದರು. ನಾನು ಕಾಯುತ್ತಿದ್ದೆ.

“ಹೇಗಿದೆ ಭಟ್ರೆ?”

“ಒಳ್ಳೆದಿದೆ. ಬಸ್ಸಿನವ್ರು ಅಲ್ಲಿಗೇ ಹೋಗ್ಲಿ. ಅಷ್ಟು ಜಾಗ ನಾನು ಕೊಡೂಕಾಗೂದಿಲ್ಲ.” ಕೊಡೆಯನ್ನು ಮೂಲೆಗೆ ಒರಗಿಸಿ, “ಬಸ್ಸಿನವ ಜೀವಮಾನದಲ್ಲಿ ಒಮ್ಮೆ ಬರ್ತ. ಊರವ ದಿನಾ ಬರ್ತ. ಇಷ್ಟು ವರ್ಷ ಊರವ್ರಿಗೆ ಬೆನ್ನು ಹಾಕಿ ಕೂತಿದ್ದೆ,” ಎಂದರು.

ಅಲ್ಲಿಂದ ಹೋಟೆಲು ಊರಿನ ಕಡೆ ತಿರುಗಿತು. ಕೋರ್ಟಿನ ಗುಮಾಸ್ತರು, ಮರದ ನಾಟಾ ಡಿಪೋದವರು, ಮಾಸ್ತರರು, ಬ್ಯಾಂಕಿನವರು ಬರತೊಡಗಿದರು. ಬಂದರು, ತಿಂದರು, ‘ಲಾಯ್ಕಿದೆ’ ಎಂದರು. ಅಲ್ಲೇ ಭಟ್ಟರಿಗೆ ಹೊಸ ಸಂಕಟ ಹುಟ್ಟಿತು. ಬಸ್ಸಿನ ಜನ ಬೇಡವಾದದ್ದನ್ನು ಬಿಟ್ಟು ಹೋಗುತ್ತಿದ್ದರು, ಓದಲು ಸಿಗುತ್ತಿತ್ತು. ಊರಿನವರು ಮರ್ಯಾದಸ್ಥರು. ಹಸಿ ಇಡ್ಲಿಯನ್ನೂ ನುಂಗಿ, ಸೀದ ದೋಸೆಯನ್ನೂ ಮುಗಿಸಿ, ತಟ್ಟೆಯನ್ನು ತೊಳೆದ ಹಾಗೆ ಮಾಡಿ ಎದ್ದು ಹೋಗುತ್ತಿದ್ದರು; ಇಷ್ಟವಾಗದಿದ್ದರೆ ಒಂದು ಮಾತೂ ಆಡದೆ ಮರುದಿನದಿಂದ ಬರುತ್ತಿರಲಿಲ್ಲ. ಭಟ್ಟರ ಗ್ರಂಥಾಲಯದಲ್ಲಿ ಎಲ್ಲ ಪುಟಗಳೂ ಬಿಳಿಯಾಗಿಬಿಟ್ಟವು.

ಒಂದು ಬೆಳಿಗ್ಗೆ ಅವರು ನನ್ನ ಅಂಗಡಿಗೆ ಬಂದು ಗಂಭೀರವಾಗಿ ಕೂತರು.

“ನಾಯ್ಕರೆ, ಊರಲ್ಲಿ ಯಾರಿಗೂ ನಿಮ್ಮ ಮೇಲೆ ಪ್ರೀತಿ ಇಲ್ಲ, ಅಲ್ವಾ?”

“ಯಾಕೆ ಭಟ್ರೆ, ಬೆಳಿಗ್ಗೆ ಬೆಳಿಗ್ಗೆ?”

“ಎಲೆ ಮುಂದೆ ಬಿಟ್ರೆ ಉಳಿದ ಕಡೆ ನೀವು ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡ್ತೀರಿ ಹೇಳಿ ಎಲ್ಲರೂ ಬಯ್ತ್ರು. ನನಗೆ ಅಂಥವನೇ ಬೇಕು. ನಾಳೆಯಿಂದ ತಿಂಡಿಗೆ ಬನ್ನಿ. ದಿನಕ್ಕೊಂದು ತಪ್ಪು ಹೇಳಿ. ಹೇಳಿದ್ರೆ ತಿಂಡಿ ಪುಕ್ಕಟೆ. ತಪ್ಪು ಸಿಗದಿದ್ರೆ ದುಡ್ಡು ಕೊಟ್ಟು ಹೋಗಿ.”

ಹೀಗೆ ನಾನು ಆಸ್ಥಾನ ದೂರುಗಾರನ ಪದವಿಯನ್ನು ಸ್ವೀಕರಿಸಿದೆ. ನನ್ನ ವಂಶದಲ್ಲಿ ಇಂಥ ಗೌರವಕ್ಕೆ ಪಾತ್ರರಾದವರು ಬೇರೆ ಯಾರೂ ಇಲ್ಲ. ಮೊದಲಿನ ದಿನಗಳು ಸುಖದ ದಿನಗಳು. ಬೆಂಚು ಅಲ್ಲಾಡುತ್ತದೆ, ಕಷಾಯಕ್ಕೆ ಜೀರಿಗೆ ಸಾಲದು, ಬಡಿಸುವವನು ನೀರಿನ ಲೋಟದೊಳಗೆ ಬೆರಳು ಅದ್ದುತ್ತಾನೆ. ತಪ್ಪುಗಳು ಹಾದಿಬದಿಯ ಹಣ್ಣಿನ ಹಾಗೆ ಕೈಗೆಟಕುತ್ತಿದ್ದವು. ಹೇಳಿದ್ದು ಮರುದಿನ ಸರಿಯಾಗಿರುತ್ತಿತ್ತು. ಅದೇ ತೊಂದರೆ. ಸರಿಯಾದಷ್ಟೂ ನನ್ನ ಉದ್ಯೋಗ ಕಷ್ಟವಾಗುತ್ತ ಹೋಯಿತು. ವರ್ಷ ಕಳೆಯುವ ಹೊತ್ತಿಗೆ ನಾನು ಒಂದು ತಪ್ಪಿಗಾಗಿ ಮೇಜಿನ ಕೆಳಗೆ ಬಗ್ಗಿ ನೋಡುವ ಸ್ಥಿತಿಗೆ ಬಂದಿದ್ದೆ. ಹಲವು ದಿನ ದುಡ್ಡು ಕೊಟ್ಟು ತಲೆ ತಗ್ಗಿಸಿ ಬಂದಿದ್ದೇನೆ. ಅಂಥ ದಿನ ಭಟ್ಟರಿಗೆ ಖುಷಿಯಾಗಬೇಕಲ್ಲ? ಇಲ್ಲ. “ಸರಿಯಾಗಿ ನೋಡ್ಲಿಲ್ಲ ನೀವು,” ಎಂದು ನನ್ನ ಕರ್ತವ್ಯಲೋಪವನ್ನು ಎತ್ತಿ ತೋರಿಸುತ್ತಿದ್ದರು. ತಪ್ಪುಗಳು ಸರಿಹೋದದ್ದರಿಂದ ಊರಿನವರು ಬರುವುದು ನಿಲ್ಲಲಿಲ್ಲ. ಬೆಳಿಗ್ಗೆ ಬೆಂಚಿಗೆ ಕಾಯುವಂತಾಯಿತು. ಬಾಗಿಲು ಹಾಕುವ ಮಾತು ಮನೆಯಲ್ಲಿ ನಿಂತಿತು.

ಆ ಕಾಲದಲ್ಲೇ ವ್ಯಾಪಾರಸ್ಥರಿಗೆಲ್ಲ ಒಂದು ಭಾಷಣ ಏರ್ಪಾಟಾಗಿತ್ತು. ವ್ಯಾಪಾರದಲ್ಲಿ ಗೆಲ್ಲುವುದು ಹೇಗೆ ಎಂಬ ಬಗ್ಗೆ ಹೊರಗಿನಿಂದ ಬಂದವರೊಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ಮಾತಾಡಿದರು. ಭಟ್ಟರು ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತು ಭಕ್ತಿಯಿಂದ ಕೇಳಿದರು. ಮುಗಿದ ಮೇಲೆ ವೇದಿಕೆಯ ಹತ್ತಿರ ಹೋಗಿ, “ಭಾಷಣ ಲಾಯ್ಕಿತ್ತು,” ಎಂದರು. ಅವರ ಬಾಯಲ್ಲಿ ಆ ಶಬ್ದ ನಾನು ಕೇಳಿದ್ದು ಅದೊಂದೇ ಸಲ. ಅವರಿಗೆ ಎಷ್ಟು ಬೇಸರವಾಗಿತ್ತೆಂದು ನನಗೊಬ್ಬನಿಗೇ ತಿಳಿಯಿತು. ದಾರಿಯಲ್ಲಿ ಮಾತ್ರ, “ಅವ್ರು ಹೇಳಿದ್ದೆಲ್ಲ ಖರೆ. ದಿನಾ ಸುಧಾರಿಸಬೇಕು ಅಂದ್ರು. ಆದ್ರೆ ಬಯ್ಯುವವ್ರನ್ನ ಎಲ್ಲಿಂದ ತರೂದು ಹೇಳಿ ಹೇಳ್ಲೇ ಇಲ್ಲ,” ಎಂದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಮಗನಿಗೆ ಮದುವೆಯಾಗಿ ಸಿದ್ದಾಪುರದ ಬಿಳಗಿ ಕಡೆಯಿಂದ ಸೊಸೆ ಬಂದಳು. ಚುರುಕು ಹುಡುಗಿ. ಮಾತು ಕಡಿಮೆ, ಒಲೆಯ ಮುಂದೆ ನಿಂತರೆ ಕೈ ಮಾತಾಡುತ್ತಿತ್ತು. ಹೋಟೆಲಿನಲ್ಲಿ ಒಂದು ನಿಯಮವಿತ್ತು. ಬೆಳಿಗ್ಗೆ ಸಾಂಬಾರು ಕುದಿದ ಮೇಲೆ ಮೊದಲ ಸೌಟು ಭಟ್ಟರ ಅಂಗೈಗೆ. ಅವರು ನೆಕ್ಕಿ, ಕಣ್ಣು ಮುಚ್ಚಿ, ಇಷ್ಟು ಉಪ್ಪು, ಇಷ್ಟು ಬೆಲ್ಲ ಎಂದು ಹೇಳಿ ಹಾಕಿಸಿದ ಮೇಲೆಯೇ ಅದು ಹೊರಗೆ ಹೋಗಬೇಕು. ಉಳಿದ ಎಲ್ಲ ಸಂಗತಿಯನ್ನೂ ಊರಿಗೆ ಕೇಳುತ್ತಿದ್ದ ಮನುಷ್ಯ, ಇದೊಂದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. “ನಾಲಿಗೆ ಇರೂದು ಒಂದೇ ಕಡೆ,” ಎನ್ನುತ್ತಿದ್ದರು.

ಒಂದು ವರ್ಷ ಮಳೆಗಾಲ ಮುಗಿಯುವಾಗ ಅವರಿಗೆ ಜ್ವರ ಬಂದು ಬಹಳ ದಿನ ಮಲಗಿದರು. ಎದ್ದು ಬಂದ ಮೇಲೆ ಮೊದಲಿನ ಹಾಗೆಯೇ ಅಂಗೈ ಒಡ್ಡಿದರು, ಕಣ್ಣು ಮುಚ್ಚಿದರು, ಉಪ್ಪು ಹಾಕಿಸಿದರು. ನಾನು ಎಂದಿನಂತೆ ಹೋಗಿ ಕೂತು, ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಸಮುದ್ರ ಅಂಕೋಲೆಯಿಂದ ಘಟ್ಟ ಹತ್ತಿ ಬಂದಿತ್ತು.

“ಭಟ್ರೆ, ಸಾಂಬಾರಿಗೆ ಉಪ್ಪು ಹೆಚ್ಚಾಯ್ತು.”

ಅವರು ಸ್ಟೂಲಿನಿಂದ ಎದ್ದು ಬಂದು ನನ್ನ ಬಟ್ಟಲಿನಿಂದಲೇ ರುಚಿ ನೋಡಿದರು. “ಇಲ್ಲ. ಸರಿ ಇದೆ.”

“ಹೆಚ್ಚಾಗಿದೆ.”

“ನಿಮಗೆ ತಪ್ಪು ಸಿಗಲಿಲ್ಲ, ಅದಕ್ಕೆ ಹುಟ್ಟಿಸ್ತಾ ಇದ್ದೀರಿ. ದುಡ್ಡು ಕೊಡಿ.”

ನಾನು ಪಕ್ಕದ ಬೆಂಚಿನ ಗುಮಾಸ್ತರನ್ನು ನೋಡಿದೆ. “ಹೇಳಿ ನೀವು.” ಗುಮಾಸ್ತರು ಕಣ್ಣಲ್ಲಿ ನೀರು ತುಂಬಿಕೊಂಡು, “ಲಾಯ್ಕಿದೆ ಭಟ್ರೆ,” ಎಂದರು. ಜ್ವರದಿಂದ ಎದ್ದು ಬಂದ ಮನುಷ್ಯನಿಗೆ ಬೇರೆ ಏನು ಹೇಳುವುದು? ಇಡೀ ಹೋಟೆಲು ತಲೆಯಾಡಿಸಿತು. ನಾನು ದುಡ್ಡು ಕೊಟ್ಟೆ. ಮರುದಿನವೂ ಹೇಳಿದೆ, ಮರುದಿನವೂ ಕೊಟ್ಟೆ. ಮೂರನೆಯ ದಿನ ಭಟ್ಟರು ನನ್ನತ್ತ ನೋಡಲೂ ಇಲ್ಲ. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಸೊಸೆಯ ಮುಖ ನೋಡಿದಾಗ ಅವಳಿಗೆ ಎಲ್ಲ ಗೊತ್ತಿದೆ ಎಂದು ತಿಳಿಯಿತು. ಹೊಸದಾಗಿ ಬಂದ ಸೊಸೆ ಮಾವನ ನಾಲಿಗೆಗೆ ತಪ್ಪು ಹೇಳುವುದುಂಟೇ? ನಿಧಾನವಾಗಿ ಬೆಂಚುಗಳಲ್ಲಿ ಜಾಗ ಕಾಣತೊಡಗಿತು. ಹೊರಗಿನ ದೊಡ್ಡ ಹೋಟೆಲು ಮಾಡಲಾಗದೆ ಉಳಿದ ಕೆಲಸವನ್ನು ನಮ್ಮ ಊರಿನ ಸೌಜನ್ಯ ಮುಗಿಸುವ ಲಕ್ಷಣ ಇತ್ತು.

ಸತ್ಯ ಹೊರಬಿದ್ದದ್ದು ನನ್ನಿಂದಲ್ಲ. ತಟ್ಟೆಗಳು ಎಂದಿನಂತೆ ಚೊಕ್ಕಟವಾಗಿ ವಾಪಸು ಹೋಗುತ್ತಿದ್ದವು, ಅದರಲ್ಲಿ ಓದಲು ಏನೂ ಇರಲಿಲ್ಲ. ಆದರೆ ತಟ್ಟೆಗಳ ಹಿಂದೆ ನೀರಿನ ಜಗ್ಗುಗಳೂ ಹೋಗುತ್ತವಲ್ಲ. ಧನುರ್ಮಾಸದ ಚಳಿ, ಜನ ಶಾಲು ಹೊದ್ದು ಬರುತ್ತಿದ್ದರು. ಅಂಥ ಚಳಿಯಲ್ಲಿ ಒಂದೊಂದು ಮೇಜಿನಿಂದಲೂ ಜಗ್ಗು ಖಾಲಿಯಾಗಿ ಬರುತ್ತಿತ್ತು, ತುಂಬಿಸಿ ಕಳಿಸಿದರೆ ಮತ್ತೆ ಖಾಲಿ. ಭಟ್ಟರು ಒಂದು ಖಾಲಿ ಜಗ್ಗನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಎದ್ದು ಒಳಗೆ ಹೋದರು. ಉಪ್ಪಿನ ಮರಿಗೆಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಇನ್ನೊಂದು ಚಿಟಿಕೆ. ಆಮೇಲೆ ಒಂದು ಹಿಡಿ. ಅಡುಗೆಮನೆಯ ಬಾಗಿಲಿಗೆ ನೇರವಾಗಿ ಕೂತಿದ್ದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಬಹಳ ಹೊತ್ತು ಅಲುಗಾಡಲಿಲ್ಲ.

“ತಂಗೀ, ನಿಂಗೆ ಗೊತ್ತಿತ್ತಾ?” ಎಂದು ಸೊಸೆಯನ್ನು ಕೇಳಿದರು.

“ಗೊತ್ತಿತ್ತು ಮಾವ.”

“ಎಂತಕ್ಕೆ ಹೇಳಲ್ಲೆ?”

“ಮಾವಂಗೆ ಹ್ಯಾಂಗೆ ಹೇಳದು?”

“ಇಲ್ಲಿ ಮಾವ ಇಲ್ಲೆ. ಸಾಂಬಾರು ಇದ್ದು.”

ಹೊರಗೆ ಬಂದರು. ತಿಂಡಿ ತಿನ್ನುತ್ತಿದ್ದವರ ನಡುವೆ ನಿಂತು, ಪಂಚಾಯತಿಯ ತೀರ್ಪು ಓದುವ ದನಿಯಲ್ಲಿ ಹೇಳಿದರು: “ಕೇಳಿ. ನನ್ನ ನಾಲಿಗೆ ಹೋಗಿದೆ. ಇಷ್ಟು ದಿನ ಉಪ್ಪು ತಿನ್ನಿಸಿದ್ದಕ್ಕೆ ನಾನು ನಿಮ್ಮ ಕ್ಷಮೆ ಕೇಳ್ತೆ. ಹೇಳದೇ ತಿಂದಿದ್ದಕ್ಕೆ ನೀವೂ ನನ್ನ ಕ್ಷಮೆ ಕೇಳಿ.” ಗುಮಾಸ್ತರು ಗಂಟಲಿನಲ್ಲಿದ್ದ ಇಡ್ಲಿಯ ಸಮೇತ ಎದ್ದು ನಿಂತರು. ಭಟ್ಟರು ನನ್ನ ಕಡೆ ತಿರುಗಿ, “ನಾಯ್ಕರೆ, ನಿಮ್ಮ ತಪ್ಪು ಸರಿ ಇತ್ತು,” ಎಂದರು. ನನ್ನ ಸೇವಾವಧಿಯಲ್ಲಿ ಸಿಕ್ಕ ಏಕಮಾತ್ರ ಪ್ರಶಸ್ತಿ ಅದು.

ಮರುದಿನದಿಂದ ಮೊದಲ ಸೌಟು ಸೊಸೆಯ ಅಂಗೈಗೆ. ಉಪ್ಪು ಇಳಿಯಿತು, ಬೆಂಚು ತುಂಬಿತು. ಭಟ್ಟರು ಅದೊಂದನ್ನು ಕೊಟ್ಟ ಮೇಲೆ ಒಂದೊಂದನ್ನೇ ಅವಳ ಕೈಗೆ ದಾಟಿಸಿದರು. ಸ್ಟೂಲನ್ನೂ ಕೊಟ್ಟರು. ಅವಳು ಸ್ಟೂಲಿನ ಮೇಲೆ ಕೂರಲಿಲ್ಲ. ಬಡಿಸುತ್ತಲೇ ಎಲ್ಲವನ್ನೂ ನೋಡುವ ಕಣ್ಣು ಅವಳದು. ಕೆಲವೇ ತಿಂಗಳಲ್ಲಿ ಅವಳು ಸಂಜೆ ಹೊತ್ತು ಹೋಟೆಲಿನ ಮುಂಭಾಗದಲ್ಲಿ ಒಂದು ಒಲೆ ಹೂಡಿ ಗೋಬಿ ಮಂಚೂರಿ ಶುರುಮಾಡಿದಳು. ಶಿರಸಿಯಲ್ಲಿ ಅದಾಗಲೇ ಬೀದಿಬೀದಿಗೆ ಬಂದಿತ್ತು. ಕಾಲೇಜಿನ ಹುಡುಗ ಹುಡುಗಿಯರು ಮುತ್ತಿದರು.

ನಾನು ವಿರೋಧಿಸುವುದು ಸಹಜ. ಅದು ನನ್ನ ಧರ್ಮ. ಆದರೆ ನನಗಿಂತ ಮೊದಲು, ನನಗಿಂತ ಜೋರಾಗಿ ವಿರೋಧಿಸಿದವರು ಭಟ್ಟರು! “ಹೂಕೋಸು ಎಂತ ತಪ್ಪು ಮಾಡಿದ್ದು ಹೇಳಿ ಇಷ್ಟು ಶಿಕ್ಷೆ?” ಎಂದರು. “ಈ ಕೆಂಪು ಯಾವ ಗಿಡದ್ದು?” ಎಂದರು. ಸೊಸೆ ಮುಂದಿನ ವಾರ ಬಣ್ಣ ಹಾಕುವುದನ್ನು ನಿಲ್ಲಿಸಿದಳು. ಆ ತಪ್ಪು ನಿಜವಾದದ್ದಾಗಿತ್ತು. ಭಟ್ಟರಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಜೀವಮಾನವಿಡೀ ಎಲ್ಲವನ್ನೂ ಬದಲಿಸಿದವರಿಗೆ, ತಾನು ಬದಲಿಸದೇ ಬದಲಾದದ್ದನ್ನು ನೋಡುವ ಅಭ್ಯಾಸವಿರಲಿಲ್ಲ. ಒಲೆಯ ಪಕ್ಕದ, ರಸ್ತೆಗೆ ಮುಖ ಮಾಡಿದ, ಹೋಟೆಲಿನ ಅತ್ಯುತ್ತಮ ಬೆಂಚಿನ ಮೇಲೆ ದಿನಾ ಸಂಜೆ ಹೋಗಿ ಕೂತರು. ಬಂದ ಹುಡುಗರನ್ನೆಲ್ಲ ವಿಚಾರಣೆಗೆ ಒಳಪಡಿಸಿದರು. “ಇದನ್ನ ಎಂತಕ್ಕೆ ತಿಂತೆ ತಮ್ಮಾ? ಮನೆಯಲ್ಲಿ ಹೇಳಿ ಬಂದಿದ್ಯಾ? ಬನ್ಸು ತಿಂದ್ರೆ ಎಂತಾಗ್ತದೆ?” ಹುಡುಗರು ತಟ್ಟೆ ಹಿಡಿದು ರಸ್ತೆಯಲ್ಲಿ ನಿಂತು ತಿಂದರು. ಲಾರಿ ಬಂದಾಗೆಲ್ಲ ಗಟಾರದ ಕಡೆ ಜಿಗಿದರು. ಕೆಲವರು ಜಿಗಿಯುವುದರ ಬದಲು ಮನೆಗೆ ಹೋದರು.

ಒಂದು ಸಂಜೆ ನಾನು ಚಹಾಕ್ಕೆ ಕೂತಿದ್ದೆ. ಸೊಸೆ ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಮಾವನ ಎದುರು ನಿಂತಳು. ಗಲ್ಲೆಯ ಮೇಲೆ ಚಿಲ್ಲರೆ ಎಣಿಸುತ್ತಿದ್ದ ಅತ್ತೆಯ ಕೈ ನಿಂತಿತು.

“ಮಾವ, ಒಂದು ತಪ್ಪು ಹೇಳದು ಇದ್ದು.”

“ಹೇಳು.”

“ಈ ಬೆಂಚಿಗೆ ಯಾರೂ ಕೂತ್ಕಳ್ತ್ವಿಲ್ಲೆ.”

ಭಟ್ಟರು ಕೂಡಲೇ ಬಗ್ಗಿ ಕಾಲು ನೋಡಿದರು. “ಅಲ್ಲಾಡ್ತಾ?”

“ಇಲ್ಲೆ.”

“ಹೊಗೆ ಬತ್ತಾ ಇತ್ಲಾಗೆ?”

“ಇಲ್ಲೆ ಮಾವ.” ಹುಡುಗಿ ಮತ್ತೊಮ್ಮೆ ಸೆರಗಿಗೆ ಕೈ ಒರೆಸಿಕೊಂಡಳು. “ಇದ್ರ ಮೇಲೆ ನಿಂಗ ಕೂತ್ಕಳ್ತಿ.”

ನಾನು ಚಹಾದ ಲೋಟದೊಳಗೆ ನೋಡಿದೆ. ಆ ಮಾತು ಹೇಳಬೇಕಾದವನು ಆಸ್ಥಾನ ದೂರುಗಾರನಾದ ನಾನು. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇವರು ಸಿಟ್ಟಾದರೆ ಈ ಹುಡುಗಿ ಇನ್ನೆಂದೂ ಬಾಯಿ ತೆರೆಯುವುದಿಲ್ಲ, ಆಮೇಲೆ ಈ ಹೋಟೆಲಿನಲ್ಲಿ ಎಲ್ಲವೂ ಲಾಯ್ಕಿರುತ್ತದೆ, ಬಾಗಿಲು ಹಾಕುವವರೆಗೂ ಲಾಯ್ಕಿರುತ್ತದೆ ಎಂದು ಮಾತ್ರ ನನಗೆ ಹೊಳೆಯಿತು.

ಭಟ್ಟರು ರಸ್ತೆಯಲ್ಲಿ ನಿಂತು ತಿನ್ನುತ್ತಿದ್ದ ಹುಡುಗರನ್ನು ನೋಡಿದರು. ಖಾಲಿ ಬೆಂಚಿನ ಉದ್ದವನ್ನು ನೋಡಿದರು. ಕೊನೆಗೆ ಸೊಸೆಯನ್ನು ನೋಡಿದರು.

“ಎಷ್ಟು ದಿನಾತು ಹೀಂಗೆ?”

“ಸುಮಾರು ದಿನಾತು.”

“ನಿನ್ನೆ ಹೇಳಿದ್ರೆ ಒಂದು ದಿನ ಉಳೀತಿತ್ತಲೆ ತಂಗೀ,” ಎಂದರು. ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಮರುದಿನ ಸಂಜೆ ಅವರು ರಸ್ತೆ ದಾಟಿ ನನ್ನ ಅಂಗಡಿಗೆ ಬಂದರು. ಸ್ಟೂಲು ಕೊಟ್ಟರೆ ಕೂರಲಿಲ್ಲ. ಕಂಬಕ್ಕೆ ಒರಗಿ, ಬೆನ್ನ ಹಿಂದೆ ಕೈಕಟ್ಟಿ, ಆಚೆ ಕಡೆಯೇ ನೋಡುತ್ತ ನಿಂತರು. ಮೊದಲು ಇಬ್ಬರು ಹುಡುಗಿಯರು ಬಂದು, ಅತ್ತಿತ್ತ ನೋಡಿ, ಬೆಂಚಿನ ಅಂಚಿಗೆ ಕೂತರು. ಆಮೇಲೆ ತಟ್ಟೆ ಹಿಡಿದ ಇನ್ನಿಬ್ಬರು ಬಂದಾಗ ಅವರು ಸರಿದು ಜಾಗ ಕೊಟ್ಟರು. ಭಟ್ಟರು ನನ್ನ ತೋಳು ಹಿಡಿದು ಅಲ್ಲಾಡಿಸಿದರು. ಹಿಂದೆ ಚಹಾದ ಲೋಟಗಳು ಖಾಲಿಯಾದ ದಿನ ಇದ್ದ ಅದೇ ಮುಖ.

“ನೋಡಿದ್ರಾ ನಾಯ್ಕರೆ? ಒಬ್ಬ ಎದ್ದಿದ್ದಕ್ಕೆ ನಾಲ್ಕು ಜನ ಕೂತ್ರು.”